ಆಷಾಢ ಕಳೆಯಲಿ ಅಂದವರು

ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ನನಗೆ ಆ ಮನುಷ್ಯನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ಯಿಶುನ್‌ನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು ಅಂತ ಅವರ ಅಂಗಡಿಯಲ್ಲಿ ಕೆಲಸಕ್ಕಿದ್ದ ವಸಂತಾ ಫೋನ್ ಮಾಡಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಹೇಳಿದ್ದೆ, ಕೇಳಲಿಲ್ಲ." ಆಮೇಲೆ ಅಳು ಬಂತು. ಬೈಗುಳ ಒಂದು ಪಾಲು, ಅಳು ಒಂದು ಪಾಲು. ಎರಡೂ ಅವರಿಗೆ ಸಲ್ಲಬೇಕಾದ್ದೇ.

ನಮ್ಮ ಮಕ್ಕಳೆಲ್ಲ ಅವರನ್ನು ಕಾಫಿ ಅಂಕಲ್ ಅನ್ನುತ್ತಿದ್ದರು. ಹೆಸರು ಇಲ್ಲಿ ಬೇಡ. ಹೆಸರು ಹಾಕಿದರೆ ಅಂಗಡಿಯ ಬೋರ್ಡಿನ ಮೇಲೆ ಬರೆದ ಹಾಗಾಗುತ್ತದೆ, ಅವರಿಗಂತೂ ಬೋರ್ಡಿನ ಮೇಲೆ ಯಾವತ್ತೂ ಹೆಸರಿರಲಿಲ್ಲ. ಬೋರ್ಡು ಕಂಪನಿಯದು. ಊರು ಬಿಟ್ಟು ಈ ಪುಟ್ಟ ದ್ವೀಪದೇಶಕ್ಕೆ ಬಂದ ಅವರು ಟುವಾಸ್‌ನ ಒಂದು ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರ್. ಆ ವಿಭಾಗವನ್ನೇ ಮುಚ್ಚಿದಾಗ, ಈ ವಯಸ್ಸಿನಲ್ಲಿ ಇನ್ನೊಬ್ಬರ ಹತ್ತಿರ ಇಂಟರ್‌ವ್ಯೂ ಕೊಡೋಕಾಗಲ್ಲ ಅಂತ, ಮೈಸೂರು ಕಡೆಯ ಒಂದು ಕಾಫಿಪುಡಿ ಕಂಪನಿಯ ಫ್ರಾಂಚೈಸಿ ತೆಗೆದುಕೊಂಡರು. ಯಿಶುನ್‌ನ ಒಂದು ವಸತಿ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಅನ್ನುವ ತೆರೆದ ಪಡಸಾಲೆಗೆ ಅಂಟಿಕೊಂಡ ಚಿಕ್ಕ ಅಂಗಡಿ. ಬೀಜ ಕಂಪನಿಯದು, ಚೀಲ ಕಂಪನಿಯದು, ಬೆಲೆ ಕಂಪನಿಯದು. ಪುಡಿ ಮಾಡಿ ಕೊಡುವುದು, ನಿಂತಲ್ಲೇ ಒಂದು ಲೋಟ ಕಾಫಿ ಕುಡಿಸುವುದು, ಬಂದವರ ಜೊತೆ ಹರಟುವುದು ಮಾತ್ರ ಅವರದು.

ಅವರನ್ನು ನೆನೆದರೆ ಕಣ್ಣಿಗೆ ಬರುವುದು ಒಂದೇ ಭಂಗಿ. ಕಾಫಿ ಪುಡಿ ಮಾಡುವ ಯಂತ್ರಕ್ಕೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಎಡಗೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸುವುದು. ಅಂಗಡಿ ತುಂಬ ಜನ ಇದ್ದರೂ ಸರಿ. ಪಕ್ಕದ ಬ್ಲಾಕಿನ ಚೀನೀ ಅಜ್ಜಿಯೊಬ್ಬಳು ದಿನಾ ಬರುತ್ತಿದ್ದಳು, ಅವಳಿಗೆ ಕನ್ನಡದಲ್ಲಿ ಗೊತ್ತಿದ್ದದ್ದು "ಶ್" ಒಂದೇ ಇರಬೇಕು. ಅವರು ಕೈ ಎತ್ತಿದ ಕೂಡಲೇ ಅವಳೇ ಉಳಿದವರಿಗೆ ಶ್ ಅನ್ನುತ್ತಿದ್ದಳು. ಕೇಳಿ ಮುಗಿದ ಮೇಲೆ ಅವರು ಹೇಳುವ ಮಾತೂ ಒಂದೇ: "ಯಾವ ಮಿಷನ್ನೂ ಹೇಳ್ದೆ ಕೆಡಲ್ಲ. ಮೊದ್ಲು ಸದ್ದು ಬರುತ್ತೆ."

ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದವರು ಕೈ ತೊಳೆಯಲು ಹೋಗುವ ದಾರಿಯಲ್ಲಿ ನಮ್ಮ ಫ್ರಿಜ್ಜಿನ ಮುಂದೆ ನಿಂತುಬಿಟ್ಟರು. ಇದು ದೀಪಾವಳಿ ದಾಟಲ್ಲ ಅಂದರು. ಹೊಸ ಫ್ರಿಜ್ಜು, ಬಾಯಿಗೆ ಬಂದದ್ದು ಹೇಳ್ತಾರೆ ಅಂತ ನಾನು ಒಳಗೊಳಗೇ ಉರಿದುಕೊಂಡೆ. ನರಕ ಚತುರ್ದಶಿಯ ಬೆಳಗ್ಗೆ ಮೊಸರೆಲ್ಲ ಹುಳಿಯಾಗಿ, ಹೋಳಿಗೆಗೆ ತೆಗೆದಿಟ್ಟ ಹೂರಣ ಹಳಸಿ ನಾತ ಹೊಡೆಯುತ್ತಿತ್ತು. ಫೋನ್ ಮಾಡಿ ಬೈದೆ. ಹೇಳಿದವರನ್ನ ಬೈದ್ರೆ ಫ್ರಿಜ್ಜು ರಿಪೇರಿ ಆಗುತ್ತಾ ಲಾಯರಮ್ಮ ಅಂತ ನಕ್ಕರು.

ನಾನು ಲಾಯರ್ ಅಲ್ಲ. ಬ್ಯಾಂಕಿನಲ್ಲಿ ಕರಾರು ಪತ್ರಗಳನ್ನು ಓದುವ ಕೆಲಸ. ಓದಿ, ಎಲ್ಲಿ ಏನು ಅಡಗಿದೆ ಅಂತ ಸಾಹೇಬರಿಗೆ ಹೇಳುವುದು. ಅಷ್ಟಕ್ಕೇ ಅವರು ನನ್ನನ್ನು ಲಾಯರಮ್ಮ ಮಾಡಿಬಿಟ್ಟಿದ್ದರು.

ಇಷ್ಟು ಲೆಕ್ಕಾಚಾರದ ಮನುಷ್ಯ ಪಂಚಾಂಗ ಬಿಟ್ಟು ಒಂದು ಹೆಜ್ಜೆ ಇಡುತ್ತಿರಲಿಲ್ಲ. ಟುವಾಸ್‌ನಲ್ಲಿ ರಿಪೇರಿಯಾದ ಯಂತ್ರವನ್ನು ಮತ್ತೆ ಚಾಲು ಮಾಡುವ ಮುಂಚೆ ಗಡಿಯಾರ ನೋಡಿಕೊಂಡು ಸುಮ್ಮನೆ ನಿಲ್ಲುತ್ತಿದ್ದರಂತೆ. ಮೇಲಿನವನು ಅದನ್ನು ಏನೋ ಸೇಫ್ಟಿ ನಿಯಮ ಅಂದುಕೊಂಡು ಬೇರೆಯವರಿಗೂ ಹಾಗೇ ಮಾಡಲು ಹೇಳಿದನಂತೆ. ಇವರು ಕಾಯುತ್ತಿದ್ದದ್ದು ರಾಹುಕಾಲ ಕಳೆಯಲಿ ಅಂತ. ಈ ಕಥೆಯನ್ನು ಅವರೇ ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೇಳುತ್ತಿದ್ದರು.

ಕಂಪನಿಯ ಜೊತೆ ಕರಾರಿಗೆ ಸಹಿ ಹಾಕಿದ್ದೂ ವಿಜಯದಶಮಿಯ ದಿನ. ಕಂಪನಿ ಕಟ್ಟಿದ ಹಿರಿಯರು ಆಗ ಇದ್ದರು, ಹಣೆ ತುಂಬ ಗಂಧ, ಬಾಯಿ ತುಂಬ ಮಾತು. ಯಂತ್ರಕ್ಕೆ ಕುಂಬಳಕಾಯಿ ಒಡೆದು, ತಾಂಬೂಲ ಬದಲಾಯಿಸಿಕೊಂಡು, ನೀವು ನಮ್ಮವರೇ, ಕಾಗದ ಬರೀ ಶಾಸ್ತ್ರಕ್ಕೆ ಅಂದರು. ಐದು ವರ್ಷದ ಕರಾರು. ನಾನು ಅವತ್ತೇ ಆ ಪತ್ರ ಕೇಳಿ ತೆಗೆದುಕೊಂಡು ಓದಿದೆ. ಮುಂದುವರಿಸಬೇಕಾದರೆ, ಇಲ್ಲಾ ಅಂಗಡಿಯನ್ನು ಇನ್ನೊಬ್ಬರಿಗೆ ವಹಿಸಬೇಕಾದರೆ, ಅವಧಿ ಮುಗಿಯುವ ದಿನದಿಂದ ಹಿಂದಕ್ಕೆ ಎಣಿಸಿದರೆ ಬರುವ ನಾಲ್ಕನೇ ತಿಂಗಳಲ್ಲೇ ಬರೆದು ತಿಳಿಸಬೇಕು. ಅದಕ್ಕಿಂತ ಮುಂಚೆಯೂ ಸಲ್ಲದು, ಆಮೇಲೂ ಸಲ್ಲದು. ಇದನ್ನು ನೆನಪಿಡಿ ಅಂತ ಬೆರಳಿಟ್ಟು ತೋರಿಸಿದೆ. ಅವರು ಕೋಸಂಬರಿ ತಿನ್ನುತ್ತಾ ತಲೆಯಾಡಿಸಿದರು.

ವಸಂತಾ ಅಂಗಡಿಗೆ ಬಂದದ್ದು ಮೊದಲ ವಾರದಲ್ಲೇ. ಮಂಡ್ಯದವಳು. ಅವಳ ಗಂಡ ಕಾಕಿ ಬುಕಿತ್‌ನ ಒಂದು ಗೋಡೌನಿನಲ್ಲಿ ಕೆಲಸ ಮಾಡುತ್ತಿದ್ದವನು, ಮೇಲಿಂದ ಪೆಟ್ಟಿಗೆ ಬಿದ್ದು ಸೊಂಟ ಕಳೆದುಕೊಂಡು ಮನೆಯಲ್ಲಿದ್ದ. ಸಂಸಾರ ಇವಳ ಒಬ್ಬಳ ಮೇಲೆ. ಮೊದಮೊದಲು ಚೀಲ ಕಟ್ಟುತ್ತಿದ್ದವಳು ವರ್ಷ ಕಳೆಯುವಷ್ಟರಲ್ಲಿ ಅಂಗಡಿಯ ಕಣ್ಣು, ಕೈ ಎಲ್ಲಾ ಆದಳು. ಯಾರಿಗೆ ಚಿಕೋರಿ ಎಷ್ಟು, ಯಾರ ಮನೆಗೆ ಅತ್ತೆ ಬಂದಿದ್ದಾರೆ, ಯಾರಿಗೆ ಡಾಕ್ಟರು ಕಾಫಿ ಬಿಡಿಸಿದ್ದಾರೆ, ಎಲ್ಲ ಅವಳ ತಲೆಯಲ್ಲಿ. ನನ್ನ ಮಗಳು ಹೋಗಿ, ಇಲ್ಲಿನ ಮಕ್ಕಳ ಹಾಗೆ ಮಾತಿನ ಕೊನೆಗೆ ಲಾ ಸೇರಿಸಿ, "ಆಂಟಿ, ನೊರೆ ಜಾಸ್ತಿ ಲಾ" ಅಂದರೆ, ಲಾ ಅಂದವರಿಗೆ ನೊರೆ ಇಲ್ಲ ಅಂತ ಕಾಡಿಸಿ ಆಮೇಲೆ ಲೋಟದ ತುಂಬ ಕೊಡುತ್ತಿದ್ದಳು.

ನಾಲ್ಕನೇ ವರ್ಷ ಅವರಿಗೆ ಹೃದಯದ ಆಪರೇಷನ್ ಆಯಿತು. ಅದೇ ಹೊತ್ತಿಗೆ ವಸಂತಾಗೆ ಒಂದು ದೊಡ್ಡ ಶಾಲೆಯ ಕ್ಯಾಂಟೀನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಗಟ್ಟಿ ಸಂಬಳ, ಶನಿವಾರ ಭಾನುವಾರ ರಜ. ಅವಳು ಹೋಗುತ್ತೇನೆ ಅಂತ ಹೇಳಲು ಆಸ್ಪತ್ರೆಗೆ ಬಂದಾಗ ನಾನೂ ಅಲ್ಲಿದ್ದೆ. ಹೊಲಿಗೆ ಹಾಕಿದ ಎದೆಯ ಮೇಲೆ ಕೈಯಿಟ್ಟುಕೊಂಡು ಅವರು ಹೇಳಿದರು: "ಹೋಗ್ಬೇಡಮ್ಮ. ಮುಂದಿನ ಅಗ್ರಿಮೆಂಟು ನಿನ್ನ ಹೆಸರಲ್ಲಿ. ನಾನು ಸುಮ್ನೆ ಬಂದು ಮಿಷನ್ ಕೇಳಿಸ್ಕೊಂಡು ಹೋಗ್ತೀನಿ."

ವಸಂತಾ ಆ ಕೆಲಸ ಬಿಟ್ಟಳು. ಆ ಶಾಲೆಯವರು ಎರಡು ಸಲ ಕರೆದರೂ ಹೋಗಲಿಲ್ಲ. ಅಲ್ಲಿಂದ ಮುಂದೆ ಅವರ ತಲೆಯಲ್ಲಿ ಇದ್ದದ್ದು ಅದೊಂದೇ, ಕೊಟ್ಟ ಮಾತಿನಂತೆ ಅಂಗಡಿಯನ್ನು ವಸಂತಾಳ ಕೈಗೆ ದಾಟಿಸುವುದು.

ಅಷ್ಟರಲ್ಲಿ ಹಿರಿಯರು ಕಂಪನಿಯನ್ನು ಯಾರಿಗೋ ಮಾರಿದರು. ಯಾರಿಗೆ ಅಂತ ನಮಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಕಾಕಿ ಬುಕಿತ್‌ನಲ್ಲಿದ್ದ ಕಂಪನಿಯ ಆಫೀಸಿನಿಂದ ಒಬ್ಬ ಹೊಸ ಮ್ಯಾನೇಜರ್ ಬರತೊಡಗಿದ. ಬೆಂಗಳೂರಿನ ಹುಡುಗ, ಅಚ್ಚುಕಟ್ಟು ಕನ್ನಡ, ಇಸ್ತ್ರಿ ಮುರಿಯದ ಅಂಗಿ. ಬಂದವನೇ ಅಂಕಲ್ ಅಂತ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವರು ಕರಗಿಹೋದರು. ಮನೆಗೆ ಕರೆದು ಹುಳಿ, ಪಲ್ಯ, ಪಾಯಸ ಬಡಿಸಿದರು. ಅವರ ಹೆಂಡತಿ, ಎಷ್ಟು ಸಂಸ್ಕಾರದ ಹುಡುಗ ಅಂತ ನನಗೆ ಫೋನ್ ಮಾಡಿ ಹೇಳಿದರು.

ಅವನು ತಿಂಗಳಿಗೊಮ್ಮೆ ಬರುತ್ತಿದ್ದ. ಗಿರಾಕಿಗಳ ಸಾಲಿನ ಫೋಟೋ ತೆಗೆಯುತ್ತಿದ್ದ. ಆ್ಯಪಿನಲ್ಲಿ ನಿಮ್ಮ ನಂಬರ್ ಹಾಕಿಬಿಡಿ, ಆಫರ್ ಬರುತ್ತೆ ಅಂತ ಬಂದವರ ಫೋನಿಗೆಲ್ಲ ತಾನೇ ಹಾಕಿಕೊಡುತ್ತಿದ್ದ. ಒಂದು ಸಲ ಟೇಪು ತಂದು ಗೋಡೆ ಅಳೆದ. ಏಕೆ ಅಂದರೆ, ಎಲ್ಲ ಅಂಗಡಿಗೂ ಒಂದೇ ಥರ ಬೋರ್ಡು ಮಾಡಿಸ್ತಿದೀವಿ ಅಂದ. ಅವನು ಹೋದ ಮೇಲೆ ವಸಂತಾ ಕೌಂಟರ್ ಒರೆಸುತ್ತಾ ಮೆಲ್ಲಗೆ ಹೇಳಿದಳು: "ಸರ್, ಆ ಹುಡ್ಗ ಒಂದ್ಸಲಾನೂ ಕಾಫಿ ಕುಡಿದಿಲ್ಲ. ನೀವು ಕೊಡ್ತೀರ, ಅವ್ನು ಇಸ್ಕೊತಾನೆ, ಹಾಗೇ ಇಟ್ಟು ಹೋಗ್ತಾನೆ."

ಕೌಂಟರಿನ ಮೂಲೆಯಲ್ಲಿ ಆ ಲೋಟ ಇತ್ತು. ತುಂಬಿದ ಲೋಟ, ಮೇಲೆ ಕೆನೆ ಕಟ್ಟಿತ್ತು. ಅಸಿಡಿಟಿ ಇರಬೇಕು ಪಾಪ ಅಂದರು ಅವರು.  ಯಂತ್ರದ ಒಳಗಿನ ಕೂದಲೆಳೆಯಷ್ಟು ಸದ್ದು ಕೇಳುವ ಕಿವಿಗೆ ಇದು ಕೇಳಲಿಲ್ಲವಲ್ಲ.

ಐದನೇ ವರ್ಷ ಬಂತು. ಜೂನ್ ಮಧ್ಯದಲ್ಲೇ ನಾನು ಅಂಗಡಿಗೆ ಹೋಗಿ, ಬರೆದು ಕೊಡುವ ತಿಂಗಳು ಶುರುವಾಗುತ್ತಿದೆ, ನಾನೇ ಬರೆದುಕೊಡುತ್ತೇನೆ, ಸಹಿ ಹಾಕಿ ಅಂದೆ. ಅವರು ಫೋನಿನಲ್ಲಿ ಪಂಚಾಂಗ ತೆಗೆದರು. ಬರೆದು ಕೊಡುವ ಆ ತಿಂಗಳಿನ ಮೊದಲ ನಾಲ್ಕು ದಿನ ಅಮಾವಾಸ್ಯೆಯ ಮಗ್ಗುಲು. ಅದು ಕಳೆದರೆ ಆಷಾಢ. ಉಳಿದ ದಿನವೆಲ್ಲಾ ಆಷಾಢವೇ.

"ಹೆಣ್ಮಗಳ ಹೆಸರಿಗೆ ಅಂಗಡಿ ಮಾಡ್ತಿದೀನಿ ಲಾಯರಮ್ಮ. ಆಷಾಢದಲ್ಲಿ ಮಾಡ್ತಾರಾ? ಕಳೀಲಿ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ದಿನ ಕೊಡ್ತೀನಿ."

ತಡವಾಗುತ್ತದೆ ಅಂದೆ. ಕೆಲವು ದಿನಕ್ಕೆ ಏನಾಗುತ್ತೆ, ನಮ್ಮವರೇ ಅಲ್ವಾ ಅಂದರು. ನಮ್ಮವರು ಮಾರಿ ಹೋಗಿ ವರ್ಷವಾಯಿತು ಅಂದೆ. ಆಗ ತಮ್ಮನ ವಿಷಯ ತೆಗೆದರು. ಅವರ ತಮ್ಮ ನ್ಯೂಜೆರ್ಸಿಯಲ್ಲಿ ಒಂದು ಸ್ಯಾಂಡ್‌ವಿಚ್ ಅಂಗಡಿಯ ಫ್ರಾಂಚೈಸಿ. ವಾರಕ್ಕೊಮ್ಮೆ ವಿಡಿಯೋದಲ್ಲಿ ಮಾತಾಡುವಾಗ ಆತ ಹೇಳಿದ್ದನಂತೆ: ತಕ್ಕ ಕಾರಣ ಇಲ್ಲದೆ ಕಂಪನಿಯವರು ರಿನ್ಯೂ ಮಾಡಲ್ಲ ಅನ್ನುವ ಹಾಗಿಲ್ಲ, ಅಂಗಡಿಯನ್ನು ಇಂಥವರಿಗೆ ಕೊಡುತ್ತೇನೆ ಅಂತ ಬರೆದು ತಿಳಿಸಿದರೆ ಗೊತ್ತಾದ ಗಡುವಿನೊಳಗೆ ಉತ್ತರ ಕೊಡಬೇಕು, ಕೊಡದೆ ಸುಮ್ಮನಿದ್ದರೆ ಒಪ್ಪಿದಂತೆಯೇ ಲೆಕ್ಕ. ಆತ ಹೇಳಿದ್ದು ಸುಳ್ಳಲ್ಲ. ಆ ರಾಜ್ಯದಲ್ಲಿ ಅಂಥ ಕಾನೂನು ಇದೆ, ಅಮೆರಿಕದ ಇನ್ನೂ ಕೆಲವು ರಾಜ್ಯಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ಇದೆ. ಎಷ್ಟೋ ರಾಜ್ಯಗಳಲ್ಲಿ ಇಲ್ಲ. ಇಲ್ಲಿ ಫ್ರಾಂಚೈಸಿಗೆ ಅಂತ ಬೇರೆ ಕಾನೂನೇ ಇಲ್ಲ, ಕರಾರಿನಲ್ಲಿ ಬರೆದದ್ದೇ ಕಾನೂನು ಅಂತ ಬಿಡಿಸಿ ಹೇಳಿದೆ.

ಅವರು ನಂಬಲಿಲ್ಲ. ಅದೇ ನನ್ನನ್ನು ಇವತ್ತಿಗೂ ಕುಟುಕುವುದು. ಮೂವತ್ತು ವರ್ಷ ಈ ದೇಶದಲ್ಲಿ ಬದುಕಿದ ಮನುಷ್ಯ ನಕ್ಕುಬಿಟ್ಟು ಹೇಳಿದರು: "ಇಲ್ಲಿ ಚೂಯಿಂಗ್ ಗಮ್ಮಿಗೂ ಕಾನೂನಿದೆ. ಹೋಟೆಲಲ್ಲಿ ತಿಂದ ಟ್ರೇ ಎತ್ತಿಡದಿದ್ರೆ ಅದಕ್ಕೂ ಇದೆ. ಇಷ್ಟು ದೊಡ್ಡ ವಿಷಯಕ್ಕೆ ಇರಲ್ವಾ?"

ನಾನು ಎದ್ದು ಬಂದೆ. ಆಷಾಢದ ಮಧ್ಯದಲ್ಲಿ ಮತ್ತೆ ಫೋನ್ ಮಾಡಿದೆ. ಬೇಕಾದರೆ ಸಹಿಯನ್ನು ಶ್ರಾವಣದಲ್ಲಿ ಹಾಕಿ, ಈಗ ಒಂದು ಮೇಲ್ ಆದರೂ ಕಳಿಸಿ ಅಂದೆ. ಮೇಲ್ ಅಂದರೂ ಬರೆದ ಹಾಗೇ ಅಲ್ವಾ ಅಂದರು. ಮಾತು ಬೆಳೆಯಿತು, ನಾನು ಫೋನ್ ಕುಕ್ಕಿದೆ.

ವರಮಹಾಲಕ್ಷ್ಮಿಯ ದಿನ ಅಂಗಡಿಯಲ್ಲಿ ಕಲಶ ಇಟ್ಟು, ಪತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ ಕಳಿಸಿದರು. ಮುಂದುವರಿಕೆ ಒಂದು, ವಸಂತಾಳ ಹೆಸರಿಗೆ ವರ್ಗಾವಣೆ ಒಂದು. ಅವತ್ತು ವಸಂತಾ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಅವಳ ಗಂಡ ಕೋಲೂರಿಕೊಂಡು ಬಂದು ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದ, ಬಂದವರಿಗೆಲ್ಲ ಅವನೇ ಸಕ್ಕರೆ ಹಂಚಿದ.

ಉತ್ತರ ಬರಲಿಲ್ಲ. ಗಣೇಶನ ಹಬ್ಬ ಬಂತು, ಹೋಯಿತು. ಮ್ಯಾನೇಜರ್ ಅಂಗಡಿಗೆ ಬರುವುದನ್ನು ನಿಲ್ಲಿಸಿದ. ಫೋನ್ ಮಾಡಿದರೆ ಮೀಟಿಂಗ್‌ನಲ್ಲಿದೀನಿ ಅಂಕಲ್ ಅಂತ ಮೆಸೇಜು, ಕೈಮುಗಿಯುವ ಚಿತ್ರದ ಸಮೇತ. ಬೀಜ ಮೊದಲಿಗಿಂತ ಕಡಿಮೆ ಬರತೊಡಗಿತು. ಉತ್ತರ ಇಲ್ಲ ಅಂದರೆ ಒಪ್ಪಿದರು ಅಂತ ಅವರು, ತಮ್ಮನೂ ಅದನ್ನೇ ಹೇಳಿದ ಅಂತ ಇನ್ನೊಂದು ಸಮಾಧಾನ. ದಿನ ಹೋದ ಹಾಗೆ ಅವರೇ ಆ ಮಾತನ್ನು ಪದೇ ಪದೇ ಹೇಳುವುದು ಹೆಚ್ಚಾಯಿತು. ವಸಂತಾ ಮಾತ್ರ ಯಂತ್ರ ನಿಲ್ಲಿಸಿ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದಳು.

ಅವಧಿ ಮುಗಿಯುವ ಹಿಂದಿನ ವಾರ ಕಾಕಿ ಬುಕಿತ್‌ಗೆ ಕರೆದರು. ನಾನು ರಜೆ ಹಾಕಿ ಜೊತೆಗೆ ಹೋದೆ. ಮೇಲಿನ ಮಹಡಿಯಲ್ಲಿ ಕಾಫಿ ಹುರಿಯುವ ವಾಸನೆ, ತಣ್ಣಗಿನ ಕೋಣೆ. ಅದೇ ಹುಡುಗ. ಅವತ್ತೂ ಕಾಲು ಮುಟ್ಟಿದ.

"ನಾವು ರಿಜೆಕ್ಟ್ ಮಾಡಿಲ್ಲ ಅಂಕಲ್. ನಿಮ್ಮ ನೋಟಿಸು ಟೈಮಲ್ಲಿ ಬರಲಿಲ್ಲ, ಅಗ್ರಿಮೆಂಟ್ ಅದರಷ್ಟಕ್ಕೆ ಅದು ಮುಗಿಯುತ್ತೆ. ಮುಗಿದಿರೋದನ್ನ ಇನ್ನೊಬ್ಬರಿಗೆ ಟ್ರಾನ್ಸ್‌ಫರ್ ಮಾಡೋಕೆ ಹೇಗಾಗುತ್ತೆ?"

ಇವರು ತಮ್ಮನ ಅಂಗಡಿಯ ವಿಷಯ ಹೇಳಿದರು. ಒಳ್ಳೆಯ ಕಾರಣ ಬೇಕು, ಗಡುವಿನೊಳಗೆ ಉತ್ತರ ಬೇಕು, ನ್ಯೂಜೆರ್ಸಿಯಲ್ಲಿ ಹೀಗಿದೆ ಅಂತ. ಪಾಠ ಒಪ್ಪಿಸುವ ಮಗುವಿನ ಥರ ಒಂದೊಂದೇ ಹೇಳಿದರು. ಆ ಹುಡುಗ ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೃದುವಾಗಿ ಅಂದ: "ಇದು ಯಿಶುನ್, ಅಂಕಲ್."

ನಾನು ಜಗಳವಾಡಿದೆ. ಪ್ರಯೋಜನವಿಲ್ಲ ಅಂತ ಗೊತ್ತಿದ್ದೂ ಆಡಿದೆ. ವಸಂತಾಳನ್ನು ಹೊಸದಾಗಿ ತೆಗೆದುಕೊಳ್ಳಿ ಅಂದೆ. ಹೊಸಬರಿಗೆ ಬೇರೆ ರೂಲ್ಸ್ ಇದೆ ಆಂಟಿ, ಅವರಿಗೆ ಕಷ್ಟ ಆಗುತ್ತೆ, ಕೆಲಸಕ್ಕೆ ಬೇಕಾದ್ರೆ ಇಟ್ಕೊತೀವಿ ಅಂದ. ವಾಪಸ್ಸು ಬರುವಾಗ ಎಂಆರ್‌ಟಿ ರೈಲಿನಲ್ಲಿ ಅವರು ಒಂದೇ ಒಂದು ಮಾತಾಡಿದರು. ವಸಂತಾಗೆ ನಾನು ಹೇಗೆ ಹೇಳ್ಲಿ ಅಂತ.

ಹೇಳಬೇಕಾಗಿಯೇ ಬರಲಿಲ್ಲ. ಅವರ ಮುಖ ನೋಡಿ ಅವಳೇ ಕಾಫಿ ಬೆರೆಸಿ ಕೊಟ್ಟಳು. ಬೀಗದ ಕೈ ಕೊಡುವ ದಿನ ಅವರು ಕೊನೆಯ ಸಲ ಯಂತ್ರಕ್ಕೆ ಕಿವಿ ಹಚ್ಚಿದರು. ಕೈ ಎತ್ತಿದರು, ಸುಮ್ಮನಿರಿಸಲು ಅಲ್ಲಿ ನಾನು, ವಸಂತಾ ಬಿಟ್ಟರೆ ಯಾರೂ ಇರಲಿಲ್ಲ. "ಬೇರಿಂಗ್ ಚೆನ್ನಾಗಿದೆ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಮಿಷನ್ ಆಗಿದ್ದಿದ್ರೆ ಹೇಳಿರೋದು ಲಾಯರಮ್ಮ."

ನಾನು ಹೇಳಿದ್ದೆ ಅಂತ ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ.

ಆಮೇಲೆ ಅವರು ಮನೆಯಲ್ಲೇ ಒಂದು ಚಿಕ್ಕ ಯಂತ್ರ ಇಟ್ಟುಕೊಂಡು ಗೆಳೆಯರಿಗೆ ಪುಡಿ ಮಾಡಿಕೊಡತೊಡಗಿದರು. ಎರಡು ವಾರವೂ ಆಗಿರಲಿಲ್ಲ, ಆ ಹುಡುಗ ಫೋನ್ ಮಾಡಿದ. ಅಂಕಲ್ ಆರೋಗ್ಯ ಹೇಗಿದೆ ಅಂದ. ಕರಾರು ಮುಗಿದ ಮೇಲೂ ಇಂತಿಷ್ಟು ಕಾಲ ಕಾಫಿ ವ್ಯಾಪಾರ ಮಾಡುವ ಹಾಗಿಲ್ಲ ಅಂತ ಬರೆದಿದೆ, ನೆನಪಿಸೋಣ ಅಂತ ಮಾಡಿದೆ ಅಂದ. ಯಾರು ಹೇಳಿದರು ಅವನಿಗೆ ಅಂತ ಗೊತ್ತಾಗಲೇ ಇಲ್ಲ. ಪುಡಿ ತೆಗೆದುಕೊಂಡವರು ನಾವು ಏಳೆಂಟು ಮನೆಯವರು. ಅವತ್ತಿನಿಂದ ನಾವು ಒಬ್ಬರ ಮುಖ ಒಬ್ಬರು ನೋಡುವುದೇ ಬದಲಾಯಿತು. ಅವರು ಯಂತ್ರ ಮುಚ್ಚಿಟ್ಟು, ಕಾಫಿಯನ್ನೂ ಬಿಟ್ಟರು. ಊರ ಕಡೆ ಬೇಸಿಗೆ ಬರುವಷ್ಟರಲ್ಲಿ ಹೋಗಿಯೇಬಿಟ್ಟರು.

ಒಂದು ವರ್ಷ ಅಂಗಡಿಯನ್ನು ಕಂಪನಿಯವರೇ ನಡೆಸಿದರು. ಮೊನ್ನೆ ವಿಜಯದಶಮಿಯ ದಿನ ಹೊಸಬರ ಕೈಗೆ ಕೊಟ್ಟರು. ವಸಂತಾ ಕರೆದಳು ಅಂತ ಹೋದೆ. ಅವಳು ಕಂಪನಿಯ ಟೋಪಿ ಹಾಕಿಕೊಂಡು, ಅದೇ ಯಂತ್ರದ ಹಿಂದೆ ಸಂಬಳದವಳಾಗಿ ನಿಂತಿದ್ದಳು. ಹೊಸ ಓನರ್ ಹಾಸನದ ಹುಡುಗಿ, ಮದುವೆಯಾಗಿ ಎರಡು ವರ್ಷವಾಗಿರಬಹುದು, ಇದ್ದ ಕೆಲಸ ಬಿಟ್ಟು ಗಂಡ ಹೆಂಡತಿ ಇಬ್ಬರೂ ಇದಕ್ಕೆ ಇಳಿದಿದ್ದಾರೆ. ಕೈತುಂಬ ಬಳೆ, ಮುಖದ ತುಂಬ ನಗು. ಬನ್ನಿ ಆಂಟಿ ಅಂತ ತಾಂಬೂಲ ಕೊಟ್ಟಳು. ಇವತ್ತೇ ಸೈನ್ ಮಾಡಿದ್ರಾ ಅಂತ ಕೇಳಿದೆ.

"ಹೂಂ ಆಂಟಿ. ದಿನ ಕಂಪನಿಯವ್ರೇ ಹೇಳಿದ್ದು. ನಮ್ಮವರ ಅಂಗಡಿಯೆಲ್ಲಾ ವಿಜಯದಶಮಿಗೇ ಸೈನ್ ಮಾಡಿಸ್ತಾರಂತೆ, ಎಷ್ಟು ಒಳ್ಳೆಯವರಲ್ವಾ."

ತಾಂಬೂಲದ ತೆಂಗಿನಕಾಯಿಯನ್ನು ಕೌಂಟರಿನ ಮೇಲಿಟ್ಟೆ. ನಿಂತಲ್ಲೇ ಬೆರಳು ಮಡಿಸಿದೆ. ಆಶ್ವಯುಜ, ಭಾದ್ರಪದ, ಶ್ರಾವಣ, ಆಷಾಢ. ವಿಜಯದಶಮಿಗೆ ಸಹಿ ಹಾಕಿದವರಿಗೆಲ್ಲ ಆ ನಾಲ್ಕನೇ ತಿಂಗಳು ಆಷಾಢಕ್ಕೇ ಬಂದು ಬೀಳುತ್ತದೆ. ಹಿರಿಯರು ಭಕ್ತಿಯಿಂದ ಹಾಕಿಸಿದ ಸಹಿ ಅದು. ಕಂಪನಿ ಕೊಂಡವರು ಅದರಿಂದ ಏನು ಕಲಿತರು ಅಂತ ನನಗೆ ಆಗ ಹೊಳೆಯಿತು.

ಹುಡುಗಿಯನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡೆ. ಈ ಅಂಗಡಿಯಲ್ಲಿ ಮುಂಚೆ ಇದ್ದವರ ಕಥೆ ಹೇಳಿದೆ, ಮುಚ್ಚುಮರೆಯಿಲ್ಲದೆ. ಅವಳು ಪಾಪ ಅಂದಳು, ಕಣ್ಣಲ್ಲಿ ನೀರೂ ಬಂತು. ನಿನ್ನ ಫೋನ್ ತೆಗಿ, ಬರೆದು ಕೊಡಬೇಕಾದ ದಿನ ಈಗಲೇ ಹಾಕಿಕೋ ಅಂತ ನಾನೇ ಹೇಳಿ ಹಾಕಿಸಿದೆ. ಐದನೇ ವರ್ಷದ ಜುಲೈ ತಿಂಗಳು. ಅವಳು ಆ ದಿನದ ಮೇಲೆ ಬೆರಳಿಟ್ಟಳು.

"ಜುಲೈ ಅಂದ್ರೆ ಆಷಾಢ ಅಲ್ವಾ ಆಂಟಿ," ಅಂದಳು, ನನಗೆ ಬೇಜಾರಾಗದ ಹಾಗೆ, ನಗುತ್ತಾ. ಹಾಗೇ ಬೆರಳಿನಲ್ಲಿ ಆ ದಿನವನ್ನು ಆಗಸ್ಟಿಗೆ ಸರಿಸಿದಳು.

ನಾನು ತಲೆಯೆತ್ತಿದೆ. ಯಂತ್ರದ ಹಿಂದಿನಿಂದ ವಸಂತಾ ನಮ್ಮನ್ನೇ ನೋಡುತ್ತಿದ್ದಳು. ಬಾಗಿಲ ಹತ್ತಿರ ಆ ಮ್ಯಾನೇಜರ್ ಹುಡುಗ ಗಿರಾಕಿಗಳ ಸಾಲಿನ ಫೋಟೋ ತೆಗೆಯುತ್ತಿದ್ದ. ಕೌಂಟರಿನ ಮೂಲೆಯಲ್ಲಿ ಅವನಿಗೆ ಕೊಟ್ಟ ಕಾಫಿ ಹಾಗೇ ಇತ್ತು, ಕೆನೆ ಕಟ್ಟಿತ್ತು.